ನಾಲ್ಕಂಕೆಯ ನಂಬರು

"ಕಸ ಹೊರುವ ಬೇವರ್ಸಿ, ನಿಂಗೆ ಕಸದಲ್ಲಿ ಜಾತಿ ನೋಡುವಷ್ಟು ಅಹಂಕಾರವಾ?"

ಜಲಜಾಕ್ಷಿ ಮಹಡಿಯ ಬಾಲ್ಕನಿಯಲ್ಲಿ ನಿಂತು ಬೈಯುತ್ತಿದ್ದಳು. ಅವಳು ಮೇಲಿನಿಂದಲೇ ಎಸೆದ ಕಪ್ಪು ಚೀಲ ಗೇಟಿನ ಹೊರಗೆ ಕಿನ್ನಿಯ ಕಾಲ ಬುಡದಲ್ಲಿ ಒಡೆದು ಬಿದ್ದಿತ್ತು. ಕೋಳಿಯ ಎಲುಬು, ಒಡೆದ ಬಾಟ್ಲಿ, ರಕ್ತದ ಪ್ಯಾಡು, ಮೊನ್ನೆಯ ಮೀನಿನ ಸಾರು, ಎಲ್ಲವೂ ಒಂದೇ ಚೀಲದಲ್ಲಿ ಸಂಸಾರ ಹೂಡಿದ್ದವು.

"ಜಾತಿ ಅಲ್ಲ ಅಕ್ಕ, ಹಸಿ ಬೇರೆ, ಒಣ ಬೇರೆ. ಒಟ್ಟಿಗೆ ಕೊಟ್ರೆ ಕಸದ ಯಾರ್ಡಿನಲ್ಲಿ ತೆಗೊಳ್ಳುದಿಲ್ಲ. ಇಡೀ ಗಾಡಿ ವಾಪಸ್ ಕಳಿಸ್ತಾರೆ."

"ಬೇರೆ ಮಾಡ್ಲಿಕ್ಕೇ ಅಲ್ವಾ ನಿನ್ನನ್ನು ಇಟ್ಟದ್ದು? ಕೈ ಉಂಟಲ್ಲ? ಹಾಕು ಕೈ!"

ಕೈ ಇತ್ತು. ಹೋದ ತಿಂಗಳು ಇಂಥದೇ ಚೀಲಕ್ಕೆ ಹಾಕಿದ ಕೈ. ಎಡ ಅಂಗೈಯಲ್ಲಿ ಮೂರು ಹೊಲಿಗೆಯ ಗುರುತು ಇನ್ನೂ ಕೆಂಪಗೆ ಇತ್ತು. ಟಿಪ್ಪರಿನ ಸೀಟಿನಲ್ಲಿ ಕುಳಿತಿದ್ದ ಯೋಗೀಶ್ ಹಾರ್ನ್ ಒತ್ತಿ, "ಬಿಟ್ಟು ಬಾ ಮಾರಾಯ್ತಿ, ಕದ್ರಿಯ ಬೀದಿ ಮುಗಿಸ್ಲಿಕ್ಕೇ ಮಧ್ಯಾಹ್ನ ಆಗ್ತದೆ" ಎಂದು ಕೂಗಿದ. ಕಿನ್ನಿ ಚೆಲ್ಲಿದ್ದನ್ನು ಕಡ್ಡಿಯಿಂದ ಎತ್ತಿ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಗೇಟಿನ ಒಳಗೆ ಇಟ್ಟಳು. "ನಾಳೆ ಬೇರೆ ಮಾಡಿ ಕೊಡಿ ಅಕ್ಕ, ನಾನೇ ತೆಗೊಂಡು ಹೋಗ್ತೇನೆ" ಎಂದಳು. ಅವಳ ಅಪರಾಧ ಇಷ್ಟೇ.

ಅಷ್ಟರಲ್ಲಿ ಜಲಜಾಕ್ಷಿಯ ಮಗ ರಿತೇಶ್ ಮೊಬೈಲನ್ನು ಎತ್ತಿ ಹಿಡಿದುಕೊಂಡೇ ಹೊರಗೆ ಬಂದ.

"ಹೆಸರು ಎಂತ ನಿಂದು? ಜೋರಾಗಿ ಹೇಳು, ರೆಕಾರ್ಡ್ ಆಗ್ಬೇಕು."

"ಕಿನ್ನಿ."

"ಆಯ್ತು ಕಿನ್ನಿ. ಇವತ್ತು ನಿಂಗೆ ಉಂಟು."

ಅವನು ಅಲ್ಲೇ ಮೊಬೈಲಿನಲ್ಲಿ ದೂರು ಕೊಟ್ಟಾಗ ಗಂಟೆ ಏಳೂ ಇಪ್ಪತ್ತು.

ಹನ್ನೊಂದಕ್ಕೆ ಕೆಲಸ ಮುಗಿಸಿ ಕಿನ್ನಿ ವಾರ್ಡ್ ಆಫೀಸಿಗೆ ಬರುವಾಗ ಸೂಪರ್‌ವೈಸರ್ ಡೆನ್ಜಿಲ್ ಅವಳಿಗಾಗಿಯೇ ಕಾಯುತ್ತಿದ್ದ. ಮನುಷ್ಯ ಅಷ್ಟು ಕೆಟ್ಟವನಲ್ಲ. ಮೇಲಿನವರನ್ನು ಕಂಡರೆ ಅವನ ಬೆನ್ನು ತಾನಾಗಿ ಬಗ್ಗುತ್ತದೆ, ಕೆಳಗಿನವರನ್ನು ಕಂಡರೆ ತಾನಾಗಿ ನೆಟ್ಟಗಾಗುತ್ತದೆ, ರೋಗ ಅಷ್ಟೇ.

"ಎಂತ ಮಾಡಿ ಹಾಕಿದ್ದಿ ಕಿನ್ನಿ? ಶೀನಪ್ಪಣ್ಣನ ಮನೆ ಅಂತ ಗೊತ್ತಿಲ್ವಾ? ಎರಡು ಹೋಟೆಲಿನ ಧನಿ ಅವರು! ಮೂರನೆಯ ಕಂಪ್ಲೇಂಟ್ ನಿನ್ನ ಮೇಲೆ. ಗೊತ್ತುಂಟಲ್ಲ ಮೂರನೆಯದ್ದು ಅಂದ್ರೆ?"

ಗೊತ್ತಿಲ್ಲದೆ ಏನು. ದೂರು ಕೊಟ್ಟವರ ಮೊಬೈಲಿಗೆ ನಾಲ್ಕಂಕೆಯ ನಂಬರೊಂದು ಹೋಗುತ್ತದೆ. ಸಮಸ್ಯೆ ಬಗೆಹರಿಯಿತೆಂದು ಅವರಿಗೆ ಒಪ್ಪಿಗೆಯಾದರೆ ಅದನ್ನು ಹೇಳಬೇಕು. ಡೆನ್ಜಿಲ್ ಅದನ್ನು ಆಫೀಸಿನ ಮೊಬೈಲಿನಲ್ಲಿ ಒತ್ತಿದರೆ ದೂರು ಮುಚ್ಚುತ್ತದೆ. ಇಪ್ಪತ್ತನಾಲ್ಕು ಗಂಟೆಯಲ್ಲಿ ಮುಚ್ಚದ ದೂರು ಯಾರನ್ನೂ ಕೇಳದೆ ಮೇಲಿನ ಸಾಹೇಬರಿಗೆ ಹೋಗುತ್ತದೆ. ಹಾಗೆ ಒಬ್ಬರ ಮೇಲೆ ಮೂರು ಹೋದರೆ ಕೆಲಸ ಕಾಯಂ ಆಗುವವರ ಪಟ್ಟಿಯಿಂದ ಹೆಸರು ಹೋಗುತ್ತದೆ. ಕಿನ್ನಿಯ ಮೇಲೆ ಆಗಲೇ ಎರಡು ಹೋಗಿದ್ದವು. ಒಂದು, ಮಳೆಗೆ ಟಿಪ್ಪರ್ ಕೆಟ್ಟು ನಿಂತ ದಿನದ್ದು. ಇನ್ನೊಂದು, ಯಾರದೋ ಫ್ಲ್ಯಾಟಿನ ಹಳೆ ಸೋಫಾವನ್ನು ಒಬ್ಬಳೇ ಮೂರು ಮಾಳಿಗೆ ಇಳಿಸಲಾಗುವುದಿಲ್ಲ ಎಂದದ್ದಕ್ಕೆ.

ಪಟ್ಟಿ ಡೆನ್ಜಿಲನ ಬೆನ್ನ ಹಿಂದೆ ಗೋಡೆಗೆ ಅಂಟಿಕೊಂಡಿತ್ತು. ಇಪ್ಪತ್ತೆರಡು ಹೆಸರು. ಹದಿನಾಲ್ಕನೆಯದು ಕಿನ್ನಿ. ನಾಳೆ ಅದು ಹೆಡ್ಡಾಫೀಸಿಗೆ ಹೋಗಬೇಕು. ಹನ್ನೊಂದು ವರ್ಷ ಅವಳು ಕಾದದ್ದು ಈ ಒಂದು ಸಾಲಿಗೆ. ಅವಳ ಅಮ್ಮ ಬದುಕಿಡೀ ಧನಿಗಳ ಗದ್ದೆಯಲ್ಲಿ ಬೆನ್ನು ಬಗ್ಗಿಸಿದವಳು, ಸಾಯುವವರೆಗೆ ಯಾರ ಪುಸ್ತಕದಲ್ಲೂ ಅವಳ ಹೆಸರಿರಲಿಲ್ಲ. ಒಂದು ಬೆಳಿಗ್ಗೆ 'ನಾಳೆಯಿಂದ ಬರುವುದು ಬೇಡ' ಎಂದರು, ಮುಗಿಯಿತು. ಕಾಯಂ ಆದರೆ ಹಾಗೆ ಹೇಳಲು ಯಾರಿಗೂ ಬಾಯಿ ಬಾರದು. ಕಿನ್ನಿಗೆ ಬೇಕಾದದ್ದು ಅದು.

"ಸರ್, ನೀವು ತಿಂಗಳ ಕೊನೆಯಲ್ಲಿ ಮಾಡಿಸುವ ಕಂಪ್ಲೇಂಟ್ ಎಲ್ಲ ಐದು ನಿಮಿಷದಲ್ಲಿ ಮುಚ್ತದಲ್ಲ" ಎಂದಳು.

ಡೆನ್ಜಿಲ್ ಬಾಗಿಲ ಕಡೆ ನೋಡಿದ. "ಮೆಲ್ಲ ಮಾತಾಡು. ಅದು ಬೇರೆ, ಇದು ಬೇರೆ."

ಅದು ಹೀಗೆ. ತಿಂಗಳ ಕೊನೆಯ ವಾರ ಡೆನ್ಜಿಲ್ ಕೆಲಸದವರನ್ನೆಲ್ಲ ಸಾಲಾಗಿ ಕೂರಿಸಿ, ಅವರವರ ಮೊಬೈಲಿನಿಂದ ಅವರವರ ಬೀದಿಯ ಮೇಲೆ ತಲಾ ಐದು ದೂರು ಕೊಡಿಸುತ್ತಿದ್ದ. ಎಲೆ ಬಿದ್ದಿದೆ, ಗುಡಿಸಿಲ್ಲ, ಗಾಡಿ ಬರಲಿಲ್ಲ, ಹೀಗೆ. ನಂಬರು ಬಂದ ಕೂಡಲೇ ಅವರು ಹೇಳುವುದು, ಅವನು ಒತ್ತುವುದು. ಆಫೀಸಿನ ಬೋರ್ಡಿನಲ್ಲಿ ನೂರಕ್ಕೆ ತೊಂಬತ್ತೆಂಟು ದೂರು ಇತ್ಯರ್ಥ! ಕಿನ್ನಿ ತಾನು ಗುಡಿಸಿದ ಬೀದಿಯನ್ನು ತಾನು ಗುಡಿಸಿಲ್ಲವೆಂದು ತನ್ನ ಮೇಲೆಯೇ ದೂರು ಕೊಟ್ಟು, ತನಗೆ ತಾನೇ ಸಮಾಧಾನ ಮಾಡಿಕೊಂಡದ್ದು ಎಷ್ಟು ಸಲವೋ. ಅಕ್ಷರ ಬಾರದಿದ್ದರೂ ಮೈಕಿನ ಗುರುತು ಒತ್ತಿ ಮಾತಿನಲ್ಲೇ ದೂರು ಹೇಳುವುದರಲ್ಲಿ ವಾರ್ಡಿಗೇ ಅವಳು ಹುಷಾರು.

"ಹೋಗು, ಕಾಲು ಹಿಡಿ, ಎಂತ ಬೇಕಾದ್ರೂ ಮಾಡು" ಎಂದ ಡೆನ್ಜಿಲ್. "ನಾಳೆ ಏಳೂ ಇಪ್ಪತ್ತರ ಒಳಗೆ ನಂಬರ್ ತೆಗೊಂಡು ಬಾ. ಫೋಟೋ ಸಹ ತೆಗಿ, ಮೊದಲಿನದ್ದು, ನಂತರದ್ದು. ಅದಿಲ್ಲದಿದ್ರೆ ಮೇಲಿನವರು ಬೈತಾರೆ."

ಶೀನಪ್ಪನ ಮನೆಯಲ್ಲಿ ಊಟದ ಹೊತ್ತು. ಎದುರು ಬಾಗಿಲಿಗೆ ಬಂದವಳಿಗೆ ಜಲಜಾಕ್ಷಿ ಕೈಸನ್ನೆಯಲ್ಲೇ ಹಿಂದಿನ ದಾರಿ ತೋರಿಸಿದಳು. ಕಿನ್ನಿ ಹಿಂದಿನ ಅಂಗಳದಲ್ಲಿ, ತೆಂಗಿನ ಮರದ ಬುಡದಲ್ಲಿ, ಒಂದು ಗಂಟೆ ನಿಂತಳು. ಒಳಗೆ ತಟ್ಟೆ, ಚಮಚಗಳ ಸದ್ದು ಕೇಳುತ್ತಿತ್ತು. ಅಂಗಳದ ಮೂಲೆಯಲ್ಲಿ ಕಕ್ಕಸು ಗುಂಡಿಯ ಕಾಂಕ್ರೀಟು ಮುಚ್ಚಳ ಸರಿದು ಬಿದ್ದಿತ್ತು. ನಾತಕ್ಕೆ ಕಾಗೆ ಕೂಡ ಹತ್ತಿರ ಬರುತ್ತಿರಲಿಲ್ಲ.

ಜಲಜಾಕ್ಷಿಯ ಮಾವ ಶೀನಪ್ಪ ತೇಗುತ್ತ ಹೊರಗೆ ಬಂದು ಬೆತ್ತದ ಕುರ್ಚಿಯಲ್ಲಿ ಕುಳಿತ. ಎಪ್ಪತ್ತು ದಾಟಿದರೂ ಗಟ್ಟಿ ಆಸಾಮಿ.

"ನೀನು ನಮ್ಮ ಬೈರಕ್ಕನ ಮಗಳಲ್ವಾ? ನಿನ್ನಮ್ಮ ನಮ್ಮ ಗದ್ದೆಯಲ್ಲಿ ನೇಜಿ ನೆಟ್ಟವಳು. ಒಂದು ಮಾತು ಎದುರು ಆಡಿದವಳಲ್ಲ. ನಿನ್ನ ಬಾಯಿ ಹೀಗೆ ಯಾಕೆ?"

"ತಪ್ಪಾಯ್ತು ಧನಿಗಳೇ. ಆ ಚೀಲ ಈಗಲೇ ತೆಗೊಂಡು ಹೋಗ್ತೇನೆ. ನಂಬರ್ ಒಂದು ಹೇಳಿ."

"ಹೇಳುವ. ನಂಬರಿಗೆ ಎಂತ, ಓಡಿ ಹೋಗ್ತದಾ?" ಶೀನಪ್ಪ ಊರುಗೋಲಿನಿಂದ ಗುಂಡಿಯ ಕಡೆ ತೋರಿಸಿದ. "ನಾಳೆ ನಮ್ಮ ಮೊಮ್ಮಗಳು ಚೈತಾಲಿಯ ನಿಶ್ಚಿತಾರ್ಥ. ಗಂಡಿನ ಕಡೆಯವರು ನೂರು ಜನ. ಇದು ಕಟ್ಟಿಕೊಂಡು ಬಾತ್‌ರೂಮಿನಲ್ಲೆಲ್ಲ ಮೇಲೆ ಬರ್ತಾ ಉಂಟು. ಗುಂಡಿ ಹೀರುವ ಮೆಷಿನಿನವನು ಶುಕ್ರವಾರ ಬರ್ತೇನೆ ಅಂತಾನೆ. ತೆಂಗಿನಕಾಯಿ ತೆಗೆಯುವವನು ಬೆಳಿಗ್ಗೆ ಆರಕ್ಕೆ ಮುಚ್ಚಳ ತೆಗೆದುಕೊಟ್ಟು ಓಡಿಯೇ ಹೋದ, ಬೋಳಿಮಗ. ಸ್ವಲ್ಪ ಇಳಿದು ಕೆಳಗಿನ ಕೆಸರು ತೆಗಿ."

ಬೆಳಿಗ್ಗೆ ಆರಕ್ಕೆ ಮುಚ್ಚಳ ತೆಗೆದಿದ್ದಾರೆ. ಚೀಲ ಎಸೆದದ್ದು ಏಳೂಕಾಲಿಗೆ. ಕಿನ್ನಿಗೆ ಈಗ ಹೊಳೆಯಿತು. ಅವರಿಗೆ ಬೇಕಿದ್ದದ್ದು ಕಸದ ಗಾಡಿಯಲ್ಲ, ಹಗ್ಗ ಹಾಕಿ ಎಳೆದರೆ ಬರುವ ಒಬ್ಬಳು ಹೆಂಗಸು.

"ಅದು ಮಾಡ್ಲಿಕ್ಕಿಲ್ಲ ಧನಿಗಳೇ. ಕಾನೂನು ಉಂಟು. ಇಳಿಸಿದವರಿಗೆ ಜೈಲು ಅಂತ ಟ್ರೈನಿಂಗಿನಲ್ಲಿ ಹೇಳಿದ್ದಾರೆ."

"ನಂಗೆ ಕಾನೂನು ಕಲಿಸ್ಲಿಕ್ಕೆ ಬಂದಿದ್ದೀಯಾ ಮುಂಡೆ?" ಶೀನಪ್ಪನ ದನಿ ಏರಲಿಲ್ಲ. "ಒತ್ತಾಯ ಯಾರು ಮಾಡಿದ್ದು? ನಂಬರ್ ಬೇಡದಿದ್ರೆ ಹೋಗು. ಗೇಟು ತೆರೆದೇ ಉಂಟು. ಗ್ಯಾಸು ಹೋಗ್ಲಿ ಅಂತ ಬೆಳಿಗ್ಗೆಯಿಂದ ಮುಚ್ಚಳ ತೆಗೆದಿಟ್ಟದ್ದು ನಿನಗೋಸ್ಕರವೇ. ನಂಗೂ ಮನುಷ್ಯತ್ವ ಉಂಟು."

ಕಿನ್ನಿ ಗೇಟಿನ ಕಡೆ ನೋಡಿದಳು. ನಿಜಕ್ಕೂ ತೆರೆದೇ ಇತ್ತು. ಹದಿನಾಲ್ಕನೆಯ ಸಾಲು ಕಣ್ಣಿಗೆ ಕಟ್ಟಿತು. ಏನೂ ಆಗುವುದಿಲ್ಲ, ಒಂದು ಗಂಟೆಯ ಕೆಲಸ, ಮೈ ತೊಳೆದರೆ ಹೋಗುತ್ತದೆ, ಹೆಸರು ಹೋದರೆ ಬರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದಳು. ಹನ್ನೊಂದು ವರ್ಷದ ಅಭ್ಯಾಸ, ಮೊದಲು ಮೊಬೈಲು ತೆಗೆದು ಗುಂಡಿಯ ಫೋಟೋ ಹೊಡೆದಳು. ಆಮೇಲೆ ಅಂಚಿನಲ್ಲಿ ಕುಳಿತು ಕಾಲು ಇಳಿಬಿಟ್ಟಳು.

ಒಳಗಿನದು ಬೆಚ್ಚಗಿತ್ತು. ಅದೇ ಅವಳಿಗೆ ತಡೆಯಲಾಗದೆ ಹೋದದ್ದು. ನಾತವನ್ನು ಬಾಯಲ್ಲಿ ಉಸಿರಾಡಿ ಹೇಗೋ ಸಹಿಸಬಹುದು. ಆದರೆ ಆ ಬೆಚ್ಚಗಿನದು ತೊಡೆ ದಾಟಿ ಸೊಂಟಕ್ಕೆ ಬರುವಾಗ ಕಿನ್ನಿ ಬೆಳಗ್ಗಿನ ಗಂಜಿಯನ್ನೆಲ್ಲ ಕಾರಿಕೊಂಡಳು.

"ಥೂ! ಅಲ್ಲೇ ಕಾರುದಾ?" ಕಿಟಕಿಯಿಂದ ಜಲಜಾಕ್ಷಿ ಕಿರುಚಿದಳು.

"ಬೀಳುವುದು ಗುಂಡಿಗೇ ಅಲ್ವಾ ಮಾರಾಯ್ತಿ" ಎಂದ ಶೀನಪ್ಪ. ತನ್ನ ಮಾತಿಗೆ ತಾನೇ ನಕ್ಕ.

ಬಕೆಟಿನಲ್ಲಿ ಬಾಚಿ ಬಾಚಿ ಮೇಲಿಟ್ಟಳು. ಎಷ್ಟು ಬಕೆಟು ಎಂದು ಲೆಕ್ಕ ಹಿಡಿಯಲಿಲ್ಲ. ನಡುವೆ ಎರಡು ಸಲ ತಲೆ ತಿರುಗಿತು, ಅಂಚು ಹಿಡಿದು ನಿಂತಳು. ಕಾಲಿಗೆ ಚುಚ್ಚಿದ್ದು ಗಾಜೋ ಏನೋ, ಬಗ್ಗಿ ನೋಡುವ ಹಾಗಿರಲಿಲ್ಲ. ಅರ್ಧದಲ್ಲಿ ಜಲಜಾಕ್ಷಿ ಪೇಪರು ಲೋಟದಲ್ಲಿ ಚಹಾ ತಂದು, ಗುಂಡಿಯಿಂದ ಎರಡು ಮಾರು ದೂರದಲ್ಲಿ ನೆಲಕ್ಕಿಟ್ಟಳು. ಕೈ ಚಾಚಿದರೆ ಎಟುಕದಷ್ಟು ದೂರ.

"ಅಕ್ಕ, ಒಂದು ಫೋಟೋ ತೆಗಿರಿ. ಕೆಲಸ ಮಾಡುವವರು ಸಹ ಕಾಣ್ಬೇಕಂತೆ ಆಫೀಸಿಗೆ. ಮೊಬೈಲು ಆ ಕಟ್ಟೆಯಲ್ಲಿ ಉಂಟು. ಕೆಂಪು ಬಟನ್ ಒತ್ತಿದ್ರೆ ಆಯ್ತು."

ಜಲಜಾಕ್ಷಿ ಮೂಗಿಗೆ ಸೆರಗು ಹಿಡಿದು, ಎರಡು ಬೆರಳಿನಲ್ಲಿ ಆ ಮೊಬೈಲನ್ನು ಎತ್ತಿ ಒತ್ತಿದಳು. ಶೀನಪ್ಪ ಆಗ ಊರುಗೋಲು ಚಾಚಿ, "ಆ ಮೂಲೆಯದ್ದು ಬಾಕಿ ಉಂಟು" ಎನ್ನುತ್ತಿದ್ದ. ಕಸ ತೆಗೆದ ಫೋಟೋಗಳನ್ನು ಆ ಮನೆಯವರು ವರ್ಷಗಟ್ಟಲೆ ನೋಡಿದವರು. ಇದೂ ಅಂಥದೇ ಒಂದು ಎಂದು ಅವರಿಗೂ ಅನಿಸಿತು, ಕಿನ್ನಿಗೂ ಅನಿಸಿತು.

ನಾಲ್ಕು ಗಂಟೆಗೆ ಗುಂಡಿ ಖಾಲಿಯಾಯಿತು. ಹೂವಿನ ಗಿಡದ ಪೈಪನ್ನು ಜಲಜಾಕ್ಷಿ ದೂರದಿಂದ ಹಿಡಿದಳು, ಕಿನ್ನಿ ಅದರ ಅಡಿಯಲ್ಲಿ ದನದ ಹಾಗೆ ನಿಂತಳು. ಮೈಯಿಂದ ನೀರು ಇಳಿಯುತ್ತಿರುವಾಗಲೇ ರಿತೇಶನ ಹತ್ತಿರ ಹೋದಳು.

"ಆಯ್ತು ಅಣ್ಣ. ನಂಬರ್?"

ರಿತೇಶ್ ಮೊಬೈಲಿನಿಂದ ತಲೆ ಎತ್ತಲಿಲ್ಲ. "ನಾಳೆ ಊಟ ಮುಗಿದ ಮೇಲೆ ಎಲೆ ತೆಗೀಲಿಕ್ಕೆ ಜನ ಬೇಕು. ಎಲ್ಲ ಕ್ಲೀನ್ ಮಾಡು, ಆಗ ಹೇಳ್ತೇನೆ."

"ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಟೈಮು ಮುಗೀತದೆ ಅಣ್ಣ. ಪಟ್ಟಿಯಿಂದ ಹೆಸರು ತೆಗೀತಾರೆ. ನಾನು ನಾಳೆ ಬಂದು ಎಲೆಯೂ ತೆಗೀತೇನೆ, ಅಮ್ಮನಾಣೆ. ಈಗ ನಂಬರ್ ಹೇಳಿ."

"ಈಗ ಹೇಳಿದ್ರೆ ನಾಳೆ ನೀನು ಬರ್ತೀಯಾ?" ರಿತೇಶ್ ನಕ್ಕ. "ನಮ್ಗೆ ಗೊತ್ತಿಲ್ವಾ ನಿಮ್ಮ ಜನ?"

ಕಿನ್ನಿ ಶೀನಪ್ಪನ ಕಡೆ ತಿರುಗಿದಳು. ಮುದುಕ ತೆಂಗಿನ ಮರದ ತುದಿಯನ್ನು ನೋಡುತ್ತಿದ್ದ.

ಬಸ್ಸಿಗೆ ಹತ್ತಿದವಳನ್ನು ಕಂಡಕ್ಟರ್ ಮುಂದಿನ ಸ್ಟಾಪಿನಲ್ಲೇ ಇಳಿಸಿದ. "ಬೇಜಾರು ಮಾಡ್ಬೇಡಿ ಅಕ್ಕ, ಜನ ವಾಂತಿ ಮಾಡ್ತಾರೆ" ಎಂದ. ಶಕ್ತಿನಗರದ ಮನೆಗೆ ನಡೆದೇ ಹೋಗಬೇಕು. ಸ್ವಲ್ಪ ದೂರ ನಡೆದು, ಕಾಲಿನ ಗಾಯ ಉರಿಯತೊಡಗಿದಾಗ ಪಾರ್ಕಿನ ಕಟ್ಟೆಯಲ್ಲಿ ಕುಳಿತಳು. ಪಕ್ಕದಲ್ಲಿ ಕುಳಿತಿದ್ದ ಕಾಲೇಜಿನ ಹುಡುಗಿಯರು ಎದ್ದು ಹೋದರು. ಕಿನ್ನಿಗೆ ಅಳು ಬಂತು. ಅತ್ತಳು. ಸಿಟ್ಟು ಬಂದದ್ದು ಆಮೇಲೆ, ಮತ್ತು ಅದು ಮೊದಲು ಬಂದದ್ದು ತನ್ನ ಮೇಲೆಯೇ. ಯಾಕೆ ಇಳಿದೆ? ತೆರೆದ ಗೇಟು ಕಾಣುತ್ತಿದ್ದರೂ ಯಾಕೆ ಇಳಿದೆ?

ಮೊಬೈಲು ತೆಗೆದು ಆ ಫೋಟೋ ನೋಡಿದಳು. ಸೊಂಟದವರೆಗೆ ಮಲದಲ್ಲಿ ನಿಂತ ಒಬ್ಬ ಹೆಂಗಸು, ಅವಳ ತಲೆಯ ಮೇಲೆ ಚಾಚಿದ ಊರುಗೋಲು, ಕುರ್ಚಿಯಲ್ಲಿ ಶೀನಪ್ಪ. ಕೆಳಗೆ ಜಾಗದ ಹೆಸರು, ತಾರೀಕು, ಗಂಟೆ ತಾನಾಗಿ ಅಚ್ಚಾಗಿತ್ತು. ಆಫೀಸಿನವರೇ ಹಾಕಿಕೊಟ್ಟ ಕ್ಯಾಮೆರಾ ಅದು.

ದೂರು ಕೊಡುವ ಜಾಗ ಎಲ್ಲಿದೆಯೆಂದು ಅವಳ ಬೆರಳಿಗೇ ಗೊತ್ತಿತ್ತು. ದೂರಿನ ವಿಧ ಯಾವುದೆಂದು ಕೇಳಿತು. ಕಸ, ಎಲೆ, ಸತ್ತ ನಾಯಿ, ಇವುಗಳ ಚಿತ್ರಗಳಿದ್ದವು. ತನ್ನದಕ್ಕೆ ಚಿತ್ರವಿರಲಿಲ್ಲ. ಕೊನೆಯ ಖಾಲಿ ಚೌಕವನ್ನು ಒತ್ತಿ, ಮೈಕನ್ನು ಬಾಯಿಯ ಹತ್ತಿರ ಹಿಡಿದಳು. ನೂರಾರು ಸುಳ್ಳು ದೂರು ಹೇಳಿದ ಬಾಯಲ್ಲಿ ಇದು ಮೊದಲ ನಿಜದ ದೂರು.

"ಕದ್ರಿಯಲ್ಲಿ ಶೀನಪ್ಪ ಧನಿಗಳ ಮನೆಯ ಹಿಂದೆ ಹೆಂಗಸನ್ನು ಕಕ್ಕಸು ಗುಂಡಿಗೆ ಇಳಿಸಿದ್ದಾರೆ. ಅವರ ಕಂಪ್ಲೇಂಟಿನ ನಂಬರ್ ಕೊಡ್ಲಿಕ್ಕೆ ಹಾಗೆ ಮಾಡಿದ್ದು. ಮಾಡಿದ ಮೇಲೆ ಸಹ ಕೊಡ್ಲಿಲ್ಲ. ಹೆಂಗಸಿನ ಹೆಸರು ಕಿನ್ನಿ." ಮತ್ತೆ ಮೈಕು ಒತ್ತಿ, "ನಾನೇ ಕಿನ್ನಿ" ಎಂದಳು. ಎರಡೂ ಫೋಟೋ ಹಾಕಿ ಕಳಿಸಿದಳು. ನಾಲ್ಕಂಕೆಯ ನಂಬರು ಬಂತು. ಗಂಟೆ ನಾಲ್ಕೂ ಐವತ್ತು.

ಆ ಸಂಜೆಯಿಡೀ ಡೆನ್ಜಿಲನ ಫೋನು ಬರುತ್ತಲೇ ಇತ್ತು. ಕಿನ್ನಿ ನಾಲ್ಕು ಸಲ ಸೋಪು ಹಚ್ಚಿ ಸ್ನಾನ ಮಾಡಿದಳು, ಫೋನು ಎತ್ತಲಿಲ್ಲ.

ಬೆಳಿಗ್ಗೆ ಆರಕ್ಕೆ ಹಾಜರಿ. ಎಲ್ಲರೂ ಬಂದಿದ್ದರು. ಯೋಗೀಶ್ ಟಿಪ್ಪರಿಗೆ ಒರಗಿ ನಿಂತು ಅವಳ ಮುಖ ನೋಡಲಾಗದೆ ಕೀಲಿಗೊಂಚಲು ತಿರುಗಿಸುತ್ತಿದ್ದ. ಅವಳ ಜೊತೆಗಾರ್ತಿ ನಾಝಿಮಾ ಸುಮ್ಮನೆ ಬಂದು ಪಕ್ಕದಲ್ಲಿ ನಿಂತಳು. ಡೆನ್ಜಿಲನ ಕಣ್ಣು ಕೆಂಪಾಗಿತ್ತು.

"ತಲೆ ಸರಿ ಉಂಟಾ ನಿಂಗೆ? ಇವತ್ತು ಸಂಜೆ ಅದು ಮೇಲೆ ಹೋಗ್ತದೆ. ಹೋದ್ರೆ ಪೊಲೀಸ್ ಕೇಸು. ಅವರ ಮನೆಯಲ್ಲಿ ನಿಶ್ಚಿತಾರ್ಥ ಮಾರಾಯ್ತಿ! ನಿನ್ನನ್ನು ಕಳಿಸಿದ್ದು ನಾನು ಅಂತ ನನ್ನ ಕೆಲಸವೂ ಹೋಗ್ತದೆ. ನಂಗೆ ಎರಡು ಮಕ್ಕಳು."

"ಕಾಲು ಹಿಡಿ ಅಂತ ಹೇಳಿದ್ದು ನೀವೇ ಸರ್."

"ಗುಂಡಿಗೆ ಇಳಿ ಅಂತ ಹೇಳಿದ್ನಾ?"

"ಎಂತ ಬೇಕಾದ್ರೂ ಮಾಡು ಅಂತ ಹೇಳಿದ್ರಿ."

ಡೆನ್ಜಿಲ್ ಮೇಜಿನ ಮೇಲಿನ ತನ್ನ ಮೊಬೈಲನ್ನು ಅವಳ ಕಡೆ ತಳ್ಳಿದ. "ಶೀನಪ್ಪಣ್ಣ ಲೈನಿನಲ್ಲಿ ಇದ್ದಾರೆ. ಸ್ಪೀಕರ್ ಹಾಕಿದ್ದೇನೆ. ಕೇಳು."

"ಕಿನ್ನಿ," ಎಂದಿತು ಮೊಬೈಲು. ನಿನ್ನೆಯ ಗಡಸು ಇರಲಿಲ್ಲ. "ಹುಡುಗ ತಮಾಷೆಗೆ ಹೇಳಿದ್ದು. ನೀನು ನಮ್ಮ ಬೈರಕ್ಕನ ಮಗಳಲ್ವಾ? ಬರ್ಕೊಳ್ಳಿ ಡೆನ್ಜಿಲ್, ಏಳು, ಸೊನ್ನೆ, ಮೂರು, ಎಂಟು. ಆಯ್ತಾ? ಮುಚ್ಚಿ ಅದನ್ನು."

ಡೆನ್ಜಿಲ್ ಆಫೀಸಿನ ಮೊಬೈಲಿನಲ್ಲಿ ಒತ್ತಿದ. ದೂರು ಇತ್ಯರ್ಥವಾಗಿದೆ ಎಂದು ಹಸಿರು ಗುರುತು ಬಂತು. ಗಂಟೆ ಇನ್ನೂ ಆರೂ ಹತ್ತು. ಇಷ್ಟೇ. ನಾಲ್ಕು ಸಲ ಬೆರಳು ಊರುವ ಕೆಲಸ. ಇದಕ್ಕೋಸ್ಕರ ಕಿನ್ನಿ ಆ ಬೆಚ್ಚಗಿನದಕ್ಕೆ ಇಳಿದದ್ದು.

"ನೋಡು, ನಿನ್ನ ಮೇಲಿನದು ಮುಗೀತು. ಪಟ್ಟಿಯಲ್ಲಿ ಹೆಸರು ಇದ್ದ ಹಾಗೇ ಉಂಟು" ಎಂದ ಡೆನ್ಜಿಲ್. ಅವನ ದನಿಯಲ್ಲಿ ಜೀವ ಬಂದಿತ್ತು. "ಈಗ ನಿಂದು ಹೇಳು."

"ಅದಕ್ಕೆ ರೂಲು ಉಂಟಲ್ಲ ಸರ್? ಸಮಸ್ಯೆ ಬಗೆಹರಿಯಿತು ಅಂತ ನಂಗೆ ಒಪ್ಪಿಗೆ ಆಗ್ಬೇಕು."

"ಒಪ್ಪಿಗೆ ಆಗ್ಲಿಕ್ಕೆ ಎಂತ ಬೇಕು ನಿಂಗೆ? ಹೇಳು. ಎಷ್ಟು ಬೇಕು?"

"ಮೈ ಇನ್ನೂ ನಾರ್ತಾ ಉಂಟು ಸರ್."

ಡೆನ್ಜಿಲ್ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಪೆನ್ನು ತೆಗೆದು ಗೋಡೆಯ ಪಟ್ಟಿಯ ಎದುರು ನಿಂತ. "ದೂರು ಎಲ್ಲ ಹಾಳಾಗಿ ಹೋಗ್ಲಿ. ಹೇಳ್ದಿದ್ರೆ ಈಗಲೇ ಗೀಟು ಎಳೀತೇನೆ. ಶಿಸ್ತು ಇಲ್ಲ ಅಂತ ಬರೀತೇನೆ. ಹನ್ನೊಂದು ವರ್ಷ ಕಿನ್ನಿ, ಯೋಚನೆ ಮಾಡು."

ಹದಿನಾಲ್ಕನೆಯ ಸಾಲಿನ ಮೇಲೆ ಪೆನ್ನಿನ ತುದಿ ಊರಿ ಸಣ್ಣ ನೀಲಿ ಚುಕ್ಕೆ ಬಿದ್ದದ್ದು ಕಿನ್ನಿಗೆ ನಿಂತಲ್ಲಿಂದಲೇ ಕಂಡಿತು.

"ಎಳೀರಿ ಸರ್" ಎಂದಳು. "ಎಲ್ಲರೂ ಇದ್ದಾರೆ, ಅವರ ಎದುರೇ ಎಳೀರಿ."

ಡೆನ್ಜಿಲ್ ಎಲ್ಲರ ಕಡೆ ತಿರುಗಿ ನೋಡಿದ. ಯಾರೂ ಕಣ್ಣು ತಗ್ಗಿಸಲಿಲ್ಲ. ಯೋಗೀಶನ ಕೈಯ ಕೀಲಿಗೊಂಚಲು ನಿಂತಿತ್ತು.

"ಹದಿನೈದು ನಂದು ಸರ್" ಎಂದಳು ನಾಝಿಮಾ. "ಗೀಟು ಸ್ವಲ್ಪ ಉದ್ದ ಎಳೀರಿ."

ಪೆನ್ನು ಅಲ್ಲೇ ನಿಂತಿತ್ತು, ಎಳೆಯಲೂ ಇಲ್ಲ, ತೆಗೆಯಲೂ ಇಲ್ಲ. ಮೇಜಿನ ಮೇಲಿನ ಮೊಬೈಲಿನಲ್ಲಿ ಶೀನಪ್ಪ ಕೇಳುತ್ತಿದ್ದ. "ಕೊಟ್ಟಳಾ? ಡೆನ್ಜಿಲ್? ಕೊಟ್ಟಳಾ ಅವಳು? ಮಾತಾಡಿ ಮಾರಾಯ್ರೆ, ಅಡುಗೆಯ ಜನ ಬರ್ಲಿಕ್ಕೆ ಶುರುವಾಯ್ತು..."